ಏಳು ಹಾಡಿನ ಶೀಟು, 5ನೇ ಸಾಲಿನ ಜಗಳ

ಪದ್ದು: ಲವ್ ಸಿನಿಮಾದ ಹಾಡಿನ ಶೀಟ್ ಹಾಕಿದೀನಿ, ಏಳು ಹಾಡಿದೆ. ನೋಡಿ ಬೇಗ ಹೇಳಿ. ಡೈರೆಕ್ಟರ್ ಕೇಳ್ತಾ ಇದಾರೆ.

ಎಡಿಟಿಂಗ್ ವಾಣಿ: ಏಳರಲ್ಲಿ ಐದು 70ರಿಂದ 80 ಬಿಪಿಎಂ (ನಿಮಿಷಕ್ಕೆ ಬರೋ ಬೀಟ್) ಒಳಗೇ ಇದಾವಲ್ಲೋ. ಅದರಲ್ಲೂ 3, 4, 5ನೇ ಹಾಡು ಸಾಲಾಗಿ ಬರ್ತವೆ. ಒಂದೊಂದೇ ಕೇಳಿದ್ರೆ ಮೂರೂ ಚೆನ್ನಾಗಿವೆ, ಒಂದರ ಹಿಂದೆ ಒಂದು ಇಟ್ರೆ ಜನ ಫೋನ್ ತೆಗೀತಾರೆ.

ಪದ್ದು: ಲವ್ ಸ್ಟೋರಿ ಕಣೇ. ಟಪ್ಪಾಂಗುಚ್ಚಿ ಹಾಕ್ಲಾ?

ವಾಣಿ: ಯಾರು ಹೇಳಿದ್ರು? 3ರಲ್ಲಿ ಇಬ್ರೂ ಈಗಷ್ಟೇ ಹತ್ತಿರ ಆಗ್ತಿದಾರೆ, ಅಲ್ಲಿ ಸ್ವಲ್ಪ ನಡಿಗೆ ಬೇಕು. 96 ಬಿಪಿಎಂದು ಹುಡುಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಒಂದು ಬೀಟ್ ಸರಿಯಾಗಿ 15 ಫ್ರೇಮ್ ಬರತ್ತೆ. 90 ಆದ್ರೆ 16. ನೀನು ಹಾಕಿರೋ 77ಕ್ಕೆ 18.7, ಕಟ್ ಜಾರ್ತಾ ಹೋಗತ್ತೆ.

ಸೌಂಡ್ ಸೀನಣ್ಣ: ಎಲ್ಲಾ ಕಟ್ಟೂ ಬೀಟ್ ಮೇಲೇ ಕೂರಿಸಿದ್ರೆ ಸೋಪಿನ ಜಾಹೀರಾತು ಆಗತ್ತಮ್ಮ.

ವಾಣಿ: ಎಲ್ಲಾ ಅಲ್ಲ ಅಣ್ಣ, ನಾಲ್ಕಕ್ಕೊಂದು ಸಾಕು. ಮಿಕ್ಕಿದ್ದು ಅವಳ ಕಣ್ಣು ಎತ್ತ ಹೋಗತ್ತೋ ಅದರ ಮೇಲೆ.

ಸೀನಣ್ಣ: ಹಾಗಾದ್ರೆ ಸರಿ. ನನ್ನ ತಕರಾರು 5ರದ್ದು. ಅವಳು ಹೊರಟು ಹೋಗೋ ಸೀನಲ್ಲಿ ಡೈಲಾಗ್ ಇದೆ, ಕೆಳಗೆ ಹಾಡಿನ ಸಾಹಿತ್ಯನೂ ಓಡ್ತಿದೆ. ಎರಡೂ 1ರಿಂದ 4 ಕಿಲೋಹರ್ಟ್ಸ್‌ನಲ್ಲೇ ಗುದ್ದಾಡ್ತವೆ, ವ್ಯಂಜನ ಸ್ಪಷ್ಟ ಆಗೋದು ಅಲ್ಲೇ. ಹಾಡಿನ ಸದ್ದು 6 ಡಿಬಿ (ಡೆಸಿಬೆಲ್) ಇಳಿಸಿದ್ರೂ ಪ್ರಯೋಜನ ಇಲ್ಲ. ಎರಡು ಕಡೆಯಿಂದ ಪದ ಬಂದ್ರೆ ಕೇಳೋನು ಎರಡನ್ನೂ ಕೈಬಿಡ್ತಾನೆ.

ಪದ್ದು: 5 ಬಿಡಲ್ಲ ಅಣ್ಣ. ಇಡೀ ಸಿನಿಮಾದ ಜೀವ ಅದು.

ಸೀನಣ್ಣ: ಬಿಡು ಅಂದ್ನಾ? ಮಾತು ಶುರುವಾಗೋಕೆ ಮುಂಚೆ ಪಲ್ಲವಿ ಮುಗಿಸು, ಮಾತಿನ ಕೆಳಗೆ ಬರೀ ವಾದ್ಯ, ಬಾಗಿಲು ಹಾಕಿದ ಮೇಲೆ ಚರಣ. ಅದಕ್ಕೆ ಸ್ಟೆಮ್ಸ್ ತರಿಸು: ದನಿ, ತಾಳ, ತಂತಿವಾದ್ಯ, ಬೇಸ್ ಬೇರೆ ಬೇರೆ.

ಪದ್ದು: ಎಐನಲ್ಲಿ ದನಿ ತೆಗೀಬಹುದಲ್ಲ?

ಸೀನಣ್ಣ: ತೆಗೀಬಹುದು. ರಿವರ್ಬ್ ಬಾಲ, ಅಂದ್ರೆ ದನಿಯ ಗುಂಗು, ಹಿಂದೆ ಉಳಿಯತ್ತೆ, ಡ್ರಮ್ಸಿನ ಸಿಂಬಲ್ ಸದ್ದು ಕಲಸಿ ಹೋಗತ್ತೆ. ಫೋನಲ್ಲಿ ಗೊತ್ತಾಗಲ್ಲ, ಥಿಯೇಟರಲ್ಲಿ ಬಯಲಾಗತ್ತೆ. ಇನ್ನೊಂದು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೀತಾರೆ ಅನ್ನೋ ಲೆಕ್ಕ) 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲೇ ಬೇಕು. 44.1ರ ಫೈಲನ್ನ ಕನ್ವರ್ಟ್ ಮಾಡದೆ 48 ಅಂತ ಓದಿಸಿದ್ರೆ ಹತ್ತಿರ ಹತ್ತಿರ ಶೇ. 9 ವೇಗ ಜಾಸ್ತಿ, ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆ ಮೇಲೆ. ಗಾಯಕನ ತಪ್ಪು ಅಂತ ಜಗಳ ಆಗೋದು ಹೀಗೇ.

ಲಲಿತಕ್ಕ: ಶ್ರುತಿ ಅಂದಾಗ ನೆನಪಾಯ್ತು. 4 ಡ್ಯುಯೆಟ್ ಪೂರ್ತಿ ಸಿ ಶಾರ್ಪ್‌ನಲ್ಲಿ ಇಟ್ಟಿದೀಯಲ್ಲೋ ಪದ್ದು. ಗಾಯಕನಿಗೆ ಹಿತ. ಗಾಯಕಿಗೆ ತಾರಸ್ಥಾಯಿ ಗಾಂಧಾರ ಕಿರುಚಾಟ, ಅವನ ಸ್ಥಾಯಿಗೇ ಇಳಿದ್ರೆ ಗೊಣಗಾಟ. ಪಲ್ಲವಿ ಹಾಗೇ ಇರಲಿ. ಮಧ್ಯದ ಬಿಜಿಎಂನಲ್ಲಿ ಎಂಟು ಬಾರ್ (ತಾಳದ ಸುತ್ತು) ತಗೊಂಡು ಮೂರು ಮನೆ ಇಳಿಸಿ ಅವಳ ಚರಣ ಹಾಡಿಸು. ಆಮೇಲೆ 2ನೇ ಹಾಡು. ಪಲ್ಲವಿಯಲ್ಲೇ ನೀನೇ ನನ್ನ ಪ್ರಾಣ ಅಂದುಬಿಟ್ರೆ ಇಂಟರ್ವಲ್ಲಿಗೆ ಅವನು ಹೇಳೋಕೆ ಏನಿರತ್ತೆ? ಪ್ರೀತಿ ಅನ್ನೋ ಪದವೇ ಬರದ ಸಾಹಿತ್ಯ ಬೇಕು ಅಲ್ಲಿ.

ಪದ್ದು: 2 ಒಪ್ಪಿದೆ ಅಕ್ಕ. 6 ಓಕೆ ತಾನೆ? ಸ್ಲೋ ಮೋಷನ್ನಲ್ಲಿ ತೆಗೀತಾರಂತೆ.

ವಾಣಿ: ತುಟಿ ಆಡಿಸ್ತಾರಾ? ಹಾಗಿದ್ರೆ ಸೆಕೆಂಡಿಗೆ 48 ಫ್ರೇಮಲ್ಲಿ ತೆಗೆದ್ರೆ ಸೆಟ್ಟಲ್ಲಿ ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕ್ಬೇಕು, 36ಕ್ಕೆ ಒಂದೂವರೆ ಪಟ್ಟು. ಶೂಟಿಂಗ್ ಆದ ಮೇಲೆ ಟೆಂಪೊ ಬದಲಿಸಿದ್ರೆ ತುಟಿ ಕೂರಲ್ಲ, ಮೊದಲೇ ಫಿಕ್ಸ್ ಮಾಡಿಸು.

ಲಲಿತಕ್ಕ: 7 ಹಳೇ ಹಾಡು. ಅನುಮತಿ ಆಯ್ತಾ? ಸಾಹಿತ್ಯ, ರಾಗ ಸಂಯೋಜನೆದು ಒಂದು, ಆ ರೆಕಾರ್ಡಿಂಗ್‌ದು ಇನ್ನೊಂದು.

ಪದ್ದು: ಒಂದೇ ಆಗಿರೋದು. ಸಂಯೋಜನೆದು.

ಲಲಿತಕ್ಕ: ಹಾಗಾದ್ರೆ ಹೊಸ ಗಾಯಕಿ ಕೈಲಿ ಹಾಡಿಸಿ, ವಾದ್ಯನೂ ಹೊಸದಾಗಿ ನುಡಿಸಿ. ಹಳೇ ರೆಕಾರ್ಡಿಂಗಿನ ಒಂದು ತುಣುಕೂ ಬೇಡ. ಹೊಸ ವರ್ಷನ್ನಿಗೂ ಸೇರಿಸಿ ಒಪ್ಪಿಗೆ ಬರೆದುಕೊಟ್ಟಿದಾರಾ ನೋಡ್ಕೋ.

ಪದ್ದು: ಸರಿ. 3ಕ್ಕೆ ಹೊಸದು ಸಿಗೋವರೆಗೂ ಯಾವುದಾದ್ರೂ ಹಿಟ್ ಹಾಡು ಟೆಂಪ್ ಹಾಕ್ಕೋ ವಾಣಿ.

ವಾಣಿ: ಬೇಡಪ್ಪ. ಡೈರೆಕ್ಟರ್ ಅದಕ್ಕೇ ಒಗ್ಗಿಬಿಟ್ರೆ ಹೊಸದು ಯಾವುದೂ ಹಿಡಿಸಲ್ಲ. 96 ಬಿಪಿಎಂನ ಕ್ಲಿಕ್ (ಬರೀ ಟಿಕ್ ಟಿಕ್ ಸದ್ದು) ಹಾಕ್ಕೊಂಡು ಕಟ್ ಮಾಡ್ತೀನಿ.

ಸೀನಣ್ಣ: 5ರ ಸ್ಟೆಮ್ಸ್?

ಪದ್ದು: ಕೇಳ್ತೀನಿ ಅಣ್ಣ. ಆದ್ರೆ ಪಲ್ಲವಿ ಪೂರ್ತಿ ಇರತ್ತೆ.

ಸೀನಣ್ಣ: ಡೈಲಾಗ್ 12 ಸೆಕೆಂಡ್ ತಡವಾಗಿ ಶುರು ಮಾಡೋಕೆ ವಾಣಿ ಒಪ್ಪಿದ್ರೆ.

ವಾಣಿ: 12 ಆಗಲ್ಲ. 8.