ಪೆಡಲ್ ಒತ್ತಿದಾಗ ಬೇಸ್ ಸ್ವರ ಮಧ್ಯದಲ್ಲೇ ಕಡಿದುಹೋಗ್ತಿದೆ, ಸಹಾಯ ಮಾಡಿ

ಕಪ್ಪುಬಿಳಿ88:
ಡಿಜಿಟಲ್ ಪಿಯಾನೊದಲ್ಲಿ ಪೆಡಲ್ ಹಿಡಿದು ಆರ್ಪೆಜಿಯೊ (ಕಾರ್ಡ್‌ನ ಸ್ವರಗಳನ್ನ ಒಂದೊಂದಾಗಿ) ನುಡಿಸಿದ್ರೆ ಎರಡನೇ ಬಾರ್ ಹೊತ್ತಿಗೆ ಬೇಸ್ ಸ್ವರ ಪಟ್ ಅಂತ ನಿಂತುಹೋಗುತ್ತೆ. ಸೌಂಡ್ ಕೂಡ ಟೊಳ್ಳಾಗಿದೆ. ಫ್ಯಾಕ್ಟರಿ ರೀಸೆಟ್ ಮಾಡಿದ್ದಾಯ್ತು, ಪ್ರಯೋಜನ ಇಲ್ಲ. ತುಂಬಾ ಬೇಜಾರಾಗಿದೆ.

ತಂತಿನಾದ:
ಸ್ಯಾಂಪಲ್ (ನಿಜವಾದ ಪಿಯಾನೊದ ರೆಕಾರ್ಡಿಂಗ್) ಲೂಪ್ ಸಮಸ್ಯೆ. ಅಕೂಸ್ಟಿಕ್‌ನಲ್ಲಿ ಕೆಳಗಿನ ತಂತಿ ತುಂಬಾ ಹೊತ್ತು ಮೊಳಗುತ್ತೆ. ಇಲ್ಲಿ ಮೆಮೊರಿ ಉಳಿಸೋಕೆ ಮೊದಲ ಕೆಲವು ಸೆಕೆಂಡ್ ಮಾತ್ರ ಇಟ್ಕೊಂಡು, ಆಮೇಲೆ ಚಿಕ್ಕ ತುಣುಕನ್ನೇ ಸುತ್ತಿಸ್ತಾ ದನಿ ಇಳಿಸ್ತಾರೆ. ರೆಕಾರ್ಡಿಂಗ್ ಬದಲು ದನಿಯನ್ನ ಲೆಕ್ಕ ಹಾಕಿ ಹುಟ್ಟಿಸೋ ಮಾಡೆಲಿಂಗ್ ಪಿಯಾನೊ ತಗೊಳ್ಳಿ.

ಮಿಡಿಮಂದಿ:
ಲೂಪ್ ಆಗಿದ್ರೆ ಮೆಲ್ಲಗೆ ಕರಗುತ್ತೆ ಸರ್, ಪಟ್ ಅಂತ ಕಡಿಯಲ್ಲ. ಪಾಲಿಫೊನಿ, ಅಂದ್ರೆ ಒಟ್ಟಿಗೆ ಮೊಳಗಬಲ್ಲ ದನಿಗಳ (ವಾಯ್ಸ್) ಮಿತಿ, ಎಷ್ಟು? ಯುಎಸ್‌ಬಿ ಹಾಕಿದ್ದೀರಾ?

ತಂತಿನಾದ:
ಅಗ್ಗದ ಸ್ಯಾಂಪಲ್‌ನಲ್ಲಿ ಲೂಪೇ ಮೊದಲು ಕೆಡೋದು. ರೋಲ್ಯಾಂಡ್ 2009ರಲ್ಲೇ ವಿ-ಪಿಯಾನೊದಲ್ಲಿ ಸ್ಯಾಂಪಲ್ ಬಿಟ್ಟಿತು, ಕಾರಣ ಇಲ್ದೆ ಅಲ್ಲ.

ಮರಸುತ್ತಿಗೆ:
ಸ್ಯಾಂಪಲ್ ಕೀಳು ಅನ್ನೋದು ಒಪ್ಪಲ್ಲ. ಹಲವು ವೆಲಾಸಿಟಿ ಲೇಯರ್ (ಮೆಲ್ಲಗೆ, ಜೋರಾಗಿ ಒತ್ತಿದ್ದಕ್ಕೆ ಬೇರೆ ಬೇರೆ ರೆಕಾರ್ಡಿಂಗ್) ಇಟ್ಟು, ಲೂಪ್ ಇಲ್ಲದೆ ಪೂರ್ತಿ ರೆಕಾರ್ಡ್ ಮಾಡಿದ ಲೈಬ್ರರಿ ಕೇಳಿ, ಆ ಕೋಣೆಯ ಗಾಳಿಯೇ ಬೇರೆ.

ಕಪ್ಪುಬಿಳಿ88:
ಪಾಲಿಫೊನಿ 64. ಹತ್ತು ಬೆರಳಿಗೆ ಸಾಲಲ್ವಾ? ಯುಎಸ್‌ಬಿ ಯಾವಾಗ್ಲೂ ಲ್ಯಾಪ್‌ಟಾಪ್‌ಗೆ ಹಾಕೇ ಇರುತ್ತೆ, ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ತೆರೆದಿರುತ್ತೆ.

ಮಿಡಿಮಂದಿ:
ಹಾಗಾದ್ರೆ ಅಲ್ಲೇ ಇದೆ. ಪೆಡಲ್ ಹಿಡಿದಾಗ ಬೆರಳು ಎತ್ತಿದ ಸ್ವರಗಳೂ ಲೆಕ್ಕಕ್ಕೆ ಬರುತ್ತವೆ. ಸ್ಟೀರಿಯೊ ಸ್ಯಾಂಪಲ್ ಆದ್ರೆ ಒಂದು ಸ್ವರಕ್ಕೆ ಎಡ, ಬಲ ಅಂತ ಎರಡು ವಾಯ್ಸ್, 64 ಅಂದ್ರೆ 32 ಸ್ವರ. ನೀವು ಒತ್ತಿದ್ದನ್ನ ರೀಪರ್ ವಾಪಸ್ ಪಿಯಾನೊಗೇ ಕಳಿಸ್ತಿದ್ರೆ ಪ್ರತಿ ಸ್ವರ ಎರಡು ಸಲ ಮೊಳಗುತ್ತೆ, ಉಳಿಯೋದು 16. ಅದು ಮುಗಿದಾಗ ಪಿಯಾನೊ ಸಾಮಾನ್ಯವಾಗಿ ಹಳೆಯ ಸ್ವರವನ್ನ ಕಡಿದು ಹೊಸದಕ್ಕೆ ಜಾಗ ಮಾಡುತ್ತೆ, ಬೇಸ್ ಹೋಗೋದು ಅದಕ್ಕೇ. ಅದೇ ದನಿ ಕೆಲವು ಮಿಲಿಸೆಕೆಂಡ್ ತಡವಾಗಿ ಮೇಲೆ ಬಿದ್ದಾಗ ಕೆಲವು ಆವರ್ತನ ಒಂದನ್ನೊಂದು ಅಳಿಸುತ್ತವೆ, ಟೊಳ್ಳು ಬರೋದು ಅಲ್ಲಿಂದ.

ಪರೀಕ್ಷೆ ಹೀಗೆ ಮಾಡಿ: ಪೆಡಲ್ ಒತ್ತಿ, ಅತಿ ಕೆಳಗಿನ ಕೀ ನುಡಿಸಿ, ನಡುವಿನ ಸಿ ಇಂದ ಬಲಕ್ಕೆ ಕಪ್ಪು ಬಿಳಿ ಎರಡನ್ನೂ ಒಂದೊಂದಾಗಿ ಬೇಗ ಒತ್ತಿ. ಬೇಸ್ ಎಷ್ಟನೇ ಕೀಗೆ ನಿಂತಿತು ಎಣಿಸಿ. ಕೇಬಲ್ ತೆಗೆದು ಮತ್ತೆ ಎಣಿಸಿ.

ಕಪ್ಪುಬಿಳಿ88:
ಕೇಬಲ್ ಇದ್ದಾಗ 16ನೇ ಕೀ, ತೆಗೆದಾಗ 32. ಟೊಳ್ಳೂ ಹೋಯ್ತು!

ಮಿಡಿಮಂದಿ:
ರೀಪರ್ ಟ್ರ್ಯಾಕ್‌ನ ರೂಟಿಂಗ್ ತೆರೆದು ಮಿಡಿ ಹಾರ್ಡ್‌ವೇರ್ ಔಟ್‌ಪುಟ್ (ಸ್ವರದ ಸಂದೇಶ ವಾಪಸ್ ಪಿಯಾನೊಗೆ ಹೋಗೋ ದಾರಿ) ತೆಗೆದುಹಾಕಿ. ರೆಕಾರ್ಡ್ ಮಾಡಿದ್ದು ಪಿಯಾನೊದಲ್ಲೇ ಕೇಳ್ಬೇಕು ಅಂದ್ರೆ ಔಟ್‌ಪುಟ್ ಇರಲಿ, ಪಿಯಾನೊದ ಲೋಕಲ್ ಕಂಟ್ರೋಲ್ (ಕೀ ಒತ್ತಿದ್ರೆ ಪಿಯಾನೊ ನೇರವಾಗಿ ದನಿ ಕೊಡೋದು) ಆಫ್ ಮಾಡಿ (ಮಿಡಿ ಸಂದೇಶ ಸಿಸಿ 122, ಬೆಲೆ 0). ಆದ್ರೆ ಆಗ ರೀಪರ್ ಮುಚ್ಚಿದ್ರೆ ಕೀ ಒತ್ತಿದ್ರೂ ಸದ್ದೇ ಬರಲ್ಲ, ಪಿಯಾನೊ ಕೆಟ್ಟಿದೆ ಅಂದ್ಕೋಬೇಡಿ. ಡ್ಯುಯಲ್ ಟೋನ್ (ಒಟ್ಟಿಗೆ ಎರಡು ವಾದ್ಯದ ದನಿ) ಹಾಕಿದ್ರೆ 32 ಮತ್ತೆ ಅರ್ಧ ಆಗುತ್ತೆ.

ತಂತಿನಾದ:
ಆದ್ರೂ 32 ಕಡಿಮೆನೇ. ಮಾಡೆಲಿಂಗ್ ಕೇಳಿ ನೋಡಿ.

ಕಪ್ಪುಬಿಳಿ88:
ಔಟ್‌ಪುಟ್ ತೆಗೆದೆ, ಸರಿಹೋಯ್ತು, ಧನ್ಯವಾದ ಸರ್. ಇನ್ನೊಂದು, ಪೆಡಲ್ ಅರ್ಧ ಒತ್ತಿದ್ರೂ ಪೂರ್ತಿ ಒತ್ತಿದ ಹಾಗೇ ಕೇಳುತ್ತೆ.

ಮಿಡಿಮಂದಿ:
ರೀಪರ್‌ನಲ್ಲಿ ರೆಕಾರ್ಡ್ ಮಾಡಿ ಸಿಸಿ 64 (ಪೆಡಲ್‌ನ ಮಿಡಿ ಸಂದೇಶ) ನೋಡಿ. ಪೆಡಲ್ ನಿಧಾನ ಒತ್ತಿದಾಗ ನಡುವಿನ ಬೆಲೆಗಳು ಬರಬೇಕು. ಬರೀ 0, 127 ಬಂದ್ರೆ ಅದು ಬಹುಶಃ ಆನ್, ಆಫ್ ಮಾತ್ರ ತಿಳಿಯೋ ಸ್ವಿಚ್ ಪೆಡಲ್.

ಕಪ್ಪುಬಿಳಿ88:
0, 127 ಮಾತ್ರ. ಪೆಡಲ್ ಬದಲಿಸಿದ್ರೆ ಸಾಕಾ?

ಮರಸುತ್ತಿಗೆ:
ಪಿಯಾನೊದ ಪೆಡಲ್ ಜ್ಯಾಕ್ ಕೂಡ ಹಾಫ್ ಪೆಡಲ್ ಓದಬೇಕು. ಮಾಡೆಲ್ ಯಾವುದು? ಅದನ್ನ ಇನ್ನೂ ಹೇಳಿಲ್ಲ ನೀವು.