ಸ್ಲಿಮ್ ಫಿಟ್ ಚಿನೋ ಪ್ಯಾಂಟ್: ತೊಡೆ ದಪ್ಪ ಇರುವವರು ಏನು ನೋಡಿ ತಗೋಬೇಕು?

ಎಡದಂಡೆ ಹುಡುಗ, ಸಿಂಧನೂರು:
ಆಫೀಸಿಗೆ ಹಾಕಲು ಕಾಟನ್ ಚಿನೋ ಬೇಕು. ಸೊಂಟ 34, ಆದರೆ ಕಬಡ್ಡಿ ಆಡಿದ ತೊಡೆ. ಹೋದ ವರ್ಷ ತಗೊಂಡ ಸ್ಲಿಮ್ ಫಿಟ್, ಬೈಕ್ ಹತ್ತುವಾಗ ಕಾಲು ಕೂಡುವ ಕಡೆ ಪರ್ ಅಂತ ಬಿಚ್ಚಿಕೊಂಡಿತು. ಪುಣ್ಯಕ್ಕೆ ಅಂಗಿ ಇನ್ ಮಾಡಿರಲಿಲ್ಲ. ಈಗ ಅಂಗಡಿಯಲ್ಲಿ ಎರಡು ನೋಡಿ ಬಂದಿದ್ದೇನೆ. ಒಂದು ಪೂರಾ ಕಾಟನ್. ಇನ್ನೊಂದರ ಚೀಟಿಯಲ್ಲಿ 98% ಕಾಟನ್, 2% ಇಲಾಸ್ಟೇನ್ (ಹಿಗ್ಗುವ ಸ್ಟ್ರೆಚ್ ನೂಲು) ಅಂತಿದೆ. ನಮ್ಮ ಬಿಸಿಲಿಗೆ ಯಾವುದು ವಾಸಿ?

ಕೌಲ್ ಬಜಾರ್ ಕತ್ತರಿ, ಬಳ್ಳಾರಿ:
ಅಣ್ಣಾ, ನಾನು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಡುವವನು. 2% ಇರುವುದನ್ನೇ ತಗೊಳ್ಳಿ. ಅಷ್ಟಕ್ಕೆಲ್ಲ ಸೆಕೆ ಜಾಸ್ತಿ ಆಗುವುದಿಲ್ಲ. ಸೆಕೆ ಆಗುವುದು ಬಟ್ಟೆ ದಪ್ಪ ಇದ್ದರೆ. 200 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ) ಆಸುಪಾಸು ಇದ್ದರೆ ಬೇಸಿಗೆಗೆ ಸರಿ. 300 ದಾಟಿದ್ದನ್ನು ಮುಟ್ಟಲೇ ಬೇಡಿ.

ಆದರೆ ನಿಮಗೆ ಕೈಕೊಟ್ಟಿದ್ದು ಬಟ್ಟೆ ಅಲ್ಲ, ಅಳತೆ. ತೊಡೆ ನೋಡಿ 36 ತಗೊಳ್ಳಿ. ಹಿಂದಿನ ನಡು ಹೊಲಿಗೆ ಬಿಚ್ಚಿ ಸೊಂಟ ಒಂದೂವರೆ ಇಂಚು ಹಿಡಿಯುವುದು ಯಾವ ಟೈಲರ್‌ಗೂ ಸಲೀಸು. ತೊಡೆ ಬಿಡಿಸಿ ಅಂದರೆ ಎಲ್ಲಿಂದ ಬಿಡಿಸುವುದು? ರೆಡಿಮೇಡ್‌ನಲ್ಲಿ ಒಳಗೆ ಅರ್ಧ ಇಂಚು ಬಟ್ಟೆ ಇದ್ದರೆ ಅದೇ ದೊಡ್ಡದು. ಟ್ರಯಲ್ ರೂಮಿನಲ್ಲಿ ಸುಮ್ನೆ ನಿಂತು ಕನ್ನಡಿ ನೋಡಬೇಡಿ, ಕುಕ್ಕರಗಾಲಲ್ಲಿ ಕೂತು ನೋಡಿ. ನಿಂತಾಗಲೇ ಸೈಡ್ ಜೇಬು ಬಾಯಿ ಬಿಡುತ್ತಿದ್ದರೆ ಸೀಟ್, ಅಂದರೆ ಹಿಂಭಾಗ, ಬಿಗಿ ಅಂತಲೇ ಲೆಕ್ಕ. ಸೇಲ್ಸ್ ಹುಡುಗ 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್' ಅಂತಾನೆ, ನಂಬಬೇಡಿ.

ಗಂಗಾವತಿ ಅಕ್ಕ:
ತಂದ ದಿನವೇ ಕಾಲು ಮಡಚಿ ಹೊಲಿಸಬೇಡಿ ತಮ್ಮಾ. ಮೊದಲು ಒಗೆದು ಒಣಗಿಸಿ. ಕಾಟನ್ 3% ಕುಗ್ಗಿದರೂ 40 ಇಂಚಿನ ಉದ್ದದಲ್ಲಿ ಒಂದು ಇಂಚಿನ ಮೇಲೆ ಹೋಗುತ್ತದೆ. ನಮ್ಮ ಮನೆಯವರ ಪ್ಯಾಂಟು ಹಾಗೇ ಗಿಡ್ಡ ಆಗಿ ಈಗ ಮಗ ಹಾಕುತ್ತಿದ್ದಾನೆ. ಬಿಸಿನೀರು, ಜೋರು ಇಸ್ತ್ರಿ ಎರಡೂ ಬೇಡ. ಸ್ಟ್ರೆಚ್ ಸತ್ತು ಮೊಣಕಾಲ ಹತ್ತಿರ ಉಬ್ಬಿಕೊಳ್ಳುತ್ತದೆ. ಒಳಮಗ್ಗುಲು ಮೇಲೆ ಮಾಡಿ ನೆರಳಲ್ಲಿ ಒಣಹಾಕಿ. ಮತ್ತೆ ಮಳೆಗಾಲಕ್ಕೂ ಅದೇ ಪ್ಯಾಂಟ್ ಅಂದರೆ ಕೆನೆ ಬಣ್ಣ ಬಿಡಿ. ಎರೆ ಮಣ್ಣು ಸಿಡಿದರೆ ಕಲೆ ತಿಕ್ಕುವವರಿಗೇ ಗೊತ್ತು ಕಷ್ಟ.

ಎಡದಂಡೆ ಹುಡುಗ:
ಸರಿ ಅಕ್ಕಾ, ಆಲಿವ್ ಬಣ್ಣ ನೋಡುತ್ತೇನೆ. ಕತ್ತರಿ ಅಣ್ಣಾ, 36 ತಗೊಂಡರೆ ಕೆಳಗೆ ಅಗಲ ಆಗಲ್ವಾ?

ಕೌಲ್ ಬಜಾರ್ ಕತ್ತರಿ:
ಆಗುತ್ತದೆ. ಮೊಣಕಾಲಿನಿಂದ ಕೆಳಗೆ ಹಿಡಿಸಿ, ಬಾಟಮ್ ಸುತ್ತಳತೆ 14 ಇಂಚು ಇಡಿಸಿ. 13 ಬೇಡ, ಹಿಮ್ಮಡಿ ದಾಟಿಸುವಾಗ ಒದ್ದಾಡುತ್ತೀರಿ.