ಫ್ರಿಜ್ಜಿನಲ್ಲಿಟ್ಟರೆ ಉಪ್ಪಾಗೆ ಬೀಜ ಬೇಗ ಮೊಳೆಯುತ್ತಾ?

ತೀರ್ಥಹಳ್ಳಿಯಿಂದ ಪ್ರಶ್ನೆ: ಸೇಬಿನ ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಮೊಳೆಸುತ್ತಾರಲ್ಲ, ಉಪ್ಪಾಗೆ (ಹುಳಿಗೆ ಬಳಸುವ ಮಲೆನಾಡಿನ ಕಾಡುಹಣ್ಣು), ಹಲಸು, ಸಾಗುವಾನಿಗೂ ಅದು ನಡೆಯುತ್ತದಾ? ಉಪ್ಪಾಗೆ ಪಾತಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿದೆ.

ಸಾಗರ: ಬೇಡ ಮಾರಾಯ್ರೆ. ಸೇಬಿನ ಸುಪ್ತಾವಸ್ಥೆ, ಅಂದರೆ ಬೀಜ ಮೊಳೆಯದೆ ಮಲಗಿರುವುದು, ಒಳಗಿನ ಭ್ರೂಣದ್ದೇ. ಒದ್ದೆ ಮರಳಲ್ಲಿ 3–5 ಡಿಗ್ರಿಯಲ್ಲಿ 2–3 ತಿಂಗಳಿಟ್ಟರೆ ಮೊಳಕೆ ತಡೆಯುವ ಅಬ್ಸಿಸಿಕ್ ಆಮ್ಲದ ಹಿಡಿತ ಸಡಿಲವಾಗಿ ಮೊಳಕೆ ಎಬ್ಬಿಸುವ ಜಿಬ್ಬರೆಲಿನ್ ಕೈ ಮೇಲಾಗುತ್ತದೆ. ಒಣ ಬೀಜ ಇಟ್ಟರೆ ಅಲ್ಲೂ ಕೆಲಸವಾಗದು, ನೀರು ಕುಡಿದಿರಬೇಕು. ಹಿಮ ಕಾಣದ ನಮ್ಮ ಮರಗಳಿಗೆ ಈ ಲೆಕ್ಕವಿಲ್ಲ. ಹಲಸಿನ ಬೀಜವಂತೂ ಚಳಿಗೂ ಸಾಯುತ್ತದೆ, ಒಣಗಿದರೂ ಸಾಯುತ್ತದೆ. ತೊಳೆದು ತಕ್ಷಣ ಬಿತ್ತಿ.

ಹೊಸನಗರ: ಉಪ್ಪಾಗೆಗೆ ಬೀಜದ ಸಿಪ್ಪೆಯೇ ಅಡ್ಡಿ. ಹಾಗೇ ಹಾಕಿದರೆ 5–7 ತಿಂಗಳು, ಸಿಪ್ಪೆ ಬಿಡಿಸಿದರೆ ಸುಮಾರು ಒಂದು ತಿಂಗಳು. ಬೀಜಕ್ಕಂಟಿದ ಹಣ್ಣಿನ ತಿರುಳನ್ನು ಮರಳಲ್ಲಿ ಉಜ್ಜಿ ತೊಳೆದು, ಸಿಪ್ಪೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಸುಲಿಯಿರಿ. ಚಾಕು ಹಾಕಿದರೆ ಒಳಗೆ ಗಾಯವಾಗಿ ಬೂಷ್ಟು ಹಿಡಿಯುತ್ತದೆ. ಸಾಗುವಾನಿಯನ್ನು ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಹೀಗೆ 1–2 ವಾರ.

ತೀರ್ಥಹಳ್ಳಿ: ಪಾತಿಯಲ್ಲಿರೋದನ್ನು ಈಗ ತೆಗೆದು ಸುಲಿಯಬಹುದಾ?

ಹೊಸನಗರ: ಒತ್ತಿ ನೋಡಿ. ಗಟ್ಟಿ ಇದ್ದರೆ ಸುಲಿದು ಹೊಸ ಮರಳಿಗೆ ಹಾಕಿ. ಮೆತ್ತಗಿದ್ದು ನೀರು ಜಿನುಗಿದರೆ ಕೊಳೆತಿದೆ, ಎಸೆಯಿರಿ.